ಬೆಟ್ಟದ ಮಡಿಲಿನ ಪುಟ್ಟ ಸರೋವರದ ಪಾರ್ಕ್‌ನಲ್ಲಿ ಕ್ಯಾಂಪಿಂಗ್: ಹೊರಡುವ ಮೊದಲಿನಿಂದ ಗುಡಾರ ಮಡಚುವ ತನಕ

ಬೆಟ್ಟದ ಸರೋವರವೊಂದರ ಪಕ್ಕ ನಾನು ಕಳೆದ ಮೊದಲ ರಾತ್ರಿ ಗುಡಾರ ನೀರಿನಿಂದ ಹತ್ತೇ ಹೆಜ್ಜೆ ದೂರದಲ್ಲಿತ್ತು. ಸಂಜೆ ನೋಡಿದಾಗ ಅದಕ್ಕಿಂತ ಒಳ್ಳೆಯ ಜಾಗ ಇರಲಾರದು ಅನ್ನಿಸಿತ್ತು. ಸಮತಟ್ಟಾದ ಹುಲ್ಲು, ಎದುರಿಗೆ ಅಲುಗಾಡದ ನೀರು, ಅದರೊಳಗೆ ತಲೆಕೆಳಗಾಗಿ ನಿಂತ ಬೆಟ್ಟ. ರಾತ್ರಿ ಮೂರರ ಹೊತ್ತಿಗೆ ಹಣೆಯ ಮೇಲೆ ಹನಿ ಬಿದ್ದು ಎಚ್ಚರವಾಯಿತು. ಟಾರ್ಚ್ ಹಾಕಿ ನೋಡಿದರೆ ಗುಡಾರದ ಒಳಮೈಯೆಲ್ಲ ಬೆವೆತಂತೆ ಹನಿಗಟ್ಟಿತ್ತು, ಸ್ಲೀಪಿಂಗ್ ಬ್ಯಾಗಿನ ಕಾಲಿನ ತುದಿ ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಮಳೆ ಬಂದಿರಲಿಲ್ಲ. ಬೆಳಗ್ಗೆ ಎದ್ದು ಮೇಲಿನ ದಿಬ್ಬದಲ್ಲಿ ಮರಗಳ ನಡುವೆ ಮಲಗಿದ್ದವರ ಗುಡಾರವನ್ನು ಮುಟ್ಟಿ ನೋಡಿದೆ. ಒಣಗಿತ್ತು. ಅವರಿಗೂ ನನಗೂ ನಡುವೆ ಇದ್ದದ್ದು ಎಂಬತ್ತು ಹೆಜ್ಜೆ ದೂರ, ಒಂದು ಮನೆಯಷ್ಟು ಎತ್ತರ.

ಆಮೇಲೆ ಇಂಥ ಜಾಗಗಳಿಗೆ ಹೋದಾಗಲೆಲ್ಲ ಅದೇ ಮಾತು ಮನಸ್ಸಿನಲ್ಲಿ ಗಟ್ಟಿಯಾಗಿದೆ: ನೀರಿನಿಂದ ಸ್ವಲ್ಪ ದೂರ, ಸ್ವಲ್ಪ ಮೇಲೆ. ಮಲಗುವುದು, ಅಡುಗೆ ಮಾಡುವುದು, ಪಾತ್ರೆ ತೊಳೆಯುವುದು, ಶೌಚಕ್ಕೆ ಹೋಗುವುದು, ಎಲ್ಲಕ್ಕೂ ಈ ಮಾತು ಸಲ್ಲುತ್ತದೆ. ಮುಂದೆ ಬರೆದಿರುವುದರಲ್ಲಿ ಬಹುಪಾಲು ಇದರ ವಿವರವೇ.

ಬುಕ್ ಮಾಡುವ ಮೊದಲು

ಚಿಕ್ಕ ಪಾರ್ಕ್ ಅಂದರೆ ಗುಡಾರ ಹಾಕಲು ಬೆರಳೆಣಿಕೆಯ ಜಾಗ, ಒಂದೋ ಎರಡೋ ಶೌಚಾಲಯ, ಗಾಡಿ ನಿಲ್ಲಿಸಲು ಸಣ್ಣದೊಂದು ಬಯಲು. ಇಲ್ಲಿ ತುಂಬಿದ್ದರೆ ಅಲ್ಲಿ ಹೋಗೋಣ ಅನ್ನುವ ಅನುಕೂಲ ಇರುವುದಿಲ್ಲ. ಜಾಗ ಸಿಗದಿದ್ದರೆ ಕತ್ತಲಲ್ಲಿ ಬೆಟ್ಟದ ರಸ್ತೆ ಇಳಿಯಬೇಕಾಗುತ್ತದೆ. ಮುಂಗಡವಾಗಿ ಕಾದಿರಿಸುವ ವ್ಯವಸ್ಥೆ ಇದ್ದರೆ ಕಾದಿರಿಸಿ. ಮೊದಲು ಬಂದವರಿಗೆ ಮೊದಲು ಅನ್ನುವ ಪದ್ಧತಿಯಾದರೆ ವಾರದ ನಡುವಿನ ದಿನ ಆರಿಸಿಕೊಂಡು ಮಧ್ಯಾಹ್ನದೊಳಗೆ ತಲುಪಿ.

ಪಾರ್ಕ್ ಕಚೇರಿಗೆ ಒಂದು ಫೋನ್ ಮಾಡಿ. ಈಗ ಬೆಂಕಿ ಹಾಕಲು ಅನುಮತಿ ಇದೆಯೇ? ಕುಡಿಯುವ ನೀರಿನ ನಲ್ಲಿ ಬರುತ್ತಿದೆಯೇ, ಚಳಿಗಾಲಕ್ಕೆ ಮುಚ್ಚಿದ್ದಾರೆಯೇ? ಈಜಬಹುದೇ? ದೋಣಿ ಇಳಿಸಲು, ಮೀನು ಹಿಡಿಯಲು ಪರವಾನಗಿ ಬೇಕೇ? ಯಾವ ಪ್ರಾಣಿಗಳ ಓಡಾಟ ಇದೆ, ಆಹಾರ ಭದ್ರವಾಗಿಡಲು ಲೋಹದ ಪೆಟ್ಟಿಗೆ ಇದೆಯೇ? ಗೇಟ್ ಎಷ್ಟು ಹೊತ್ತಿಗೆ ಹಾಕುತ್ತಾರೆ? ಮೊಬೈಲ್ ಸಿಗ್ನಲ್ ಎಲ್ಲಿಯ ತನಕ ಬರುತ್ತದೆ? ಈ ಕೊನೆಯ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಬೆಟ್ಟದ ಬಟ್ಟಲಿನೊಳಗೆ ಸಿಗ್ನಲ್ ಇರದಿರುವುದೇ ಹೆಚ್ಚು. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಕೊಳ್ಳಿ, ಒಂದು ಕಾಗದದ ಪ್ರತಿಯೂ ಜೇಬಿನಲ್ಲಿರಲಿ.

ಹಾಗೆಯೇ ಊರಿನಲ್ಲಿ ಉಳಿಯುವ ಒಬ್ಬರಿಗೆ ಬರೆದು ಕೊಟ್ಟು ಹೋಗಿ: ಎಲ್ಲಿಗೆ ಹೋಗುತ್ತಿದ್ದೀರಿ, ಯಾವ ದಾರಿ ನಡೆಯುತ್ತೀರಿ, ಎಷ್ಟು ಜನ, ಯಾವ ದಿನ ಎಷ್ಟು ಹೊತ್ತಿಗೆ ವಾಪಸ್, ಆ ಹೊತ್ತು ಮೀರಿದರೆ ಯಾರಿಗೆ ಫೋನ್ ಮಾಡಬೇಕು. ಬಾಯಲ್ಲಿ ಹೇಳಿದ್ದು ಮರೆತುಹೋಗುತ್ತದೆ.

ಎತ್ತರ ತಿಳಿದುಕೊಂಡು ಚಳಿಯ ಲೆಕ್ಕ ಹಾಕಿ

ನೀವು ನೋಡುವ ಹವಾಮಾನ ವರದಿ ಬಹುಮಟ್ಟಿಗೆ ಕೆಳಗಿನ ಪಟ್ಟಣದ್ದು. ಪ್ರತಿ 1000 ಮೀಟರ್ ಮೇಲೇರಿದಂತೆ ಗಾಳಿಯ ಉಷ್ಣಾಂಶ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ. ಪಟ್ಟಣ 400 ಮೀಟರ್ ಎತ್ತರದಲ್ಲಿದ್ದು ಅಲ್ಲಿ ರಾತ್ರಿ 16 ಡಿಗ್ರಿ ಇದ್ದರೆ, 1900 ಮೀಟರ್ ಎತ್ತರದ ಸರೋವರದಲ್ಲಿ 6 ಡಿಗ್ರಿಯ ಆಸುಪಾಸು. ಅದೂ ಲೆಕ್ಕ ನಿಲ್ಲುವ ಜಾಗವಲ್ಲ. ಸರೋವರ ಕೂತಿರುವುದು ಬಟ್ಟಲಿನ ತಳದಲ್ಲಿ. ಸೂರ್ಯ ಮುಳುಗಿದ ಮೇಲೆ ಸುತ್ತಲಿನ ಇಳಿಜಾರಿನ ಗಾಳಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಭಾರ, ಅದು ನೀರಿನ ಹಾಗೆಯೇ ಇಳಿಜಾರು ಹಿಡಿದು ಹರಿದು ಬಂದು ತಳದಲ್ಲಿ ತುಂಬಿಕೊಳ್ಳುತ್ತದೆ. ನಿರ್ಮಲ ಆಕಾಶದ, ಗಾಳಿಯಿಲ್ಲದ ರಾತ್ರಿಯಲ್ಲಿ ದಡಕ್ಕೂ ಪಕ್ಕದ ದಿಬ್ಬಕ್ಕೂ ಹಲವು ಡಿಗ್ರಿಗಳ ವ್ಯತ್ಯಾಸ ಬರುವುದು ಹೀಗೆ. ಜೊತೆಗೆ ದಡದ ಗಾಳಿಯಲ್ಲಿ ತೇವವೂ ಹೆಚ್ಚು. ನನ್ನ ಗುಡಾರ ಒಳಗಿನಿಂದಲೇ ಮಳೆ ಸುರಿಸಿದ್ದಕ್ಕೆ ಇದೇ ಕಾರಣ.

ಸರೋವರ 2500 ಮೀಟರ್‌ಗಿಂತ ಮೇಲಿದ್ದರೆ ಎತ್ತರದ ಕಾಯಿಲೆಯ ಬಗ್ಗೆಯೂ ಯೋಚಿಸಬೇಕು. ತಲೆನೋವು, ಹೊಟ್ಟೆ ತೊಳೆಸುವುದು, ವಿಪರೀತ ಸುಸ್ತು ಕಾಣಿಸಿದರೆ ಮೇಲೆ ಹತ್ತುವುದನ್ನು ನಿಲ್ಲಿಸಿ. ಕಡಿಮೆಯಾಗದಿದ್ದರೆ ಕೆಳಗಿಳಿಯಿರಿ. ನಡಿಗೆ ತಡವರಿಸಿದರೆ, ಮಾತು ಅಸ್ತವ್ಯಸ್ತವಾದರೆ, ಸುಮ್ಮನೆ ಕೂತಾಗಲೂ ಉಸಿರು ಕಟ್ಟಿದರೆ ಬೆಳಗಾಗಲಿ ಎಂದು ಕಾಯಬಾರದು. ಕೆಳಗಿಳಿಯುವುದೇ ಮದ್ದು.

ಬಿಸಿಲಿನ ವಿಷಯ ಚಿಕ್ಕದು. ಪ್ರತಿ 1000 ಮೀಟರ್‌ಗೆ ಅತಿನೇರಳೆ ಕಿರಣದ ತೀವ್ರತೆ ಶೇಕಡ 10ರಷ್ಟು ಏರುತ್ತದೆ, ತಂಪು ಗಾಳಿಯಲ್ಲಿ ಅದು ಚುರುಕು ಅನ್ನಿಸುವುದಿಲ್ಲ. ಅಗಲ ಅಂಚಿನ ಟೋಪಿ, ತುಂಬು ತೋಳಿನ ಅಂಗಿ ಸಾಕು.

ಬೆಟ್ಟದ ಗಡಿಯಾರ

ಬೆಚ್ಚಗಿನ ಋತುವಿನಲ್ಲಿ ಬೆಟ್ಟದ ಸರೋವರದ ದಿನಕ್ಕೆ ಒಂದು ಲಯ ಇರುತ್ತದೆ. ಮುಂಜಾನೆ ನೀರು ನಿಶ್ಚಲ. ಹತ್ತು ಹನ್ನೊಂದು ಗಂಟೆಯ ಹೊತ್ತಿಗೆ ಇಳಿಜಾರುಗಳು ಬಿಸಿಯೇರಿ ಗಾಳಿ ಮೇಲ್ಮುಖವಾಗಿ ಬೀಸಲು ತೊಡಗುತ್ತದೆ, ನೀರಿನಲ್ಲಿ ಸುಕ್ಕು ಮೂಡುತ್ತದೆ. ಮಧ್ಯಾಹ್ನದ ಮೇಲೆ ಆ ಬಿಸಿಗಾಳಿಯೇ ಶಿಖರದ ಮೇಲೆ ಮೋಡವಾಗಿ ಕಟ್ಟುತ್ತದೆ. ಗುಡುಗು, ಆಲಿಕಲ್ಲು ಬರುವುದಾದರೆ ಹೆಚ್ಚಾಗಿ ಆಗಲೇ. ಸಂಜೆ ಮತ್ತೆ ಶಾಂತ, ರಾತ್ರಿ ಚಳಿ ಇಳಿಯುತ್ತದೆ. ಹಾಗಾಗಿ ದೋಣಿ, ಈಜು, ಶಿಖರದ ನಡಿಗೆ ಎಲ್ಲವೂ ಬೆಳಗಿನ ಕೆಲಸ. ಮಧ್ಯಾಹ್ನ ಓದು, ನಿದ್ದೆ, ಕಾಡಿನ ಅಂಚಿನಲ್ಲಿ ಸಣ್ಣ ಸುತ್ತು. ಮಧ್ಯಾಹ್ನದ ಊಟ ಮುಗಿಸಿ ಆರಾಮವಾಗಿ ಶಿಖರಕ್ಕೆ ಹೊರಡುವವರನ್ನು ಕಂಡರೆ ನನಗೆ ಪ್ರತಿ ಸಲವೂ ಕಳವಳವಾಗುತ್ತದೆ.

ಇನ್ನೊಂದು ಸಂಗತಿ. ಕ್ಯಾಲೆಂಡರ್ ಹೇಳುವ ಸೂರ್ಯಾಸ್ತ ಬಯಲಿನದು. ಇಲ್ಲಿ ಸೂರ್ಯ ಪಶ್ಚಿಮದ ಬೆಟ್ಟದ ಹಿಂದೆ ಅದಕ್ಕಿಂತ ಎಷ್ಟೋ ಮೊದಲೇ ಮರೆಯಾಗುತ್ತಾನೆ, ಮರೆಯಾದ ಹತ್ತೇ ನಿಮಿಷಕ್ಕೆ ಸ್ವೆಟರ್ ಬೇಕಾಗುತ್ತದೆ. ಕೈಯನ್ನು ಪೂರ್ತಿ ಚಾಚಿ, ಬೆರಳುಗಳನ್ನು ಅಡ್ಡ ಹಿಡಿದು, ಸೂರ್ಯನಿಗೂ ಬೆಟ್ಟದ ಅಂಚಿಗೂ ನಡುವೆ ಎಷ್ಟು ಬೆರಳು ಹಿಡಿಯುತ್ತದೆ ನೋಡಿ. ಒಂದು ಬೆರಳಿಗೆ ಸುಮಾರು 15 ನಿಮಿಷ. ನಾಲ್ಕು ಬೆರಳಿದ್ದರೆ ಒಂದು ಗಂಟೆಯ ಬಿಸಿಲು ಉಳಿದಿದೆ, ಅಷ್ಟರಲ್ಲಿ ಗುಡಾರ ನಿಂತಿರಬೇಕು, ನೀರು ತುಂಬಿರಬೇಕು.

ಚೀಲಕ್ಕೆ ಏನು

ಮುಕ್ಕಾಲು ಪಾಲು ತೊಂದರೆ ನಿದ್ದೆಗೆ ಸಂಬಂಧಿಸಿದ್ದು, ಆದ್ದರಿಂದ ಅಲ್ಲಿಂದಲೇ ಶುರುಮಾಡೋಣ. ಸ್ಲೀಪಿಂಗ್ ಬ್ಯಾಗಿನ ಮೇಲೆ ಸಾಮಾನ್ಯವಾಗಿ ಎರಡು ಮೂರು ಉಷ್ಣಾಂಶ ಬರೆದಿರುತ್ತಾರೆ: ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್. ನೀವು ನಂಬಬೇಕಾದದ್ದು ಕಂಫರ್ಟ್ ಒಂದನ್ನೇ. ಎಕ್ಸ್‌ಟ್ರೀಮ್ ಅನ್ನುವುದು ಜೀವ ಉಳಿಸಿಕೊಳ್ಳುವ ಅಂಕಿ, ನಿದ್ದೆಯ ಅಂಕಿ ಅಲ್ಲ. ಮೇಲೆ ಹೇಳಿದ ಲೆಕ್ಕದಲ್ಲಿ ಬಂದ ಚಳಿಗಿಂತ ಐದು ಡಿಗ್ರಿ ಕಡಿಮೆಗೆ ತಯಾರಾಗಿ.

ಹೊಸಬರು ಮರೆಯುವುದು ಮ್ಯಾಟ್. ಮೈಭಾರಕ್ಕೆ ಬ್ಯಾಗಿನ ಕೆಳಭಾಗ ಅಪ್ಪಚ್ಚಿಯಾಗಿ ಅದರ ಬೆಚ್ಚಗಿನ ಗುಣವೇ ಹೋಗುತ್ತದೆ, ಆಮೇಲೆ ನೆಲ ರಾತ್ರಿಯಿಡೀ ಮೈಯ ಶಾಖ ಹೀರುತ್ತದೆ. ಮ್ಯಾಟಿನ ಶಾಖತಡೆಯನ್ನು ಆರ್-ವ್ಯಾಲ್ಯೂ ಎಂದು ಬರೆದಿರುತ್ತಾರೆ, ಅಂಕಿ ಹೆಚ್ಚಿದ್ದಷ್ಟೂ ಬೆಚ್ಚಗೆ. ಬೆಟ್ಟದ ರಾತ್ರಿಗೆ ಮೂರಕ್ಕಿಂತ ಕಡಿಮೆ ನಾನು ಒಯ್ಯುವುದಿಲ್ಲ. ಗಾಳಿ ತುಂಬುವ ಮ್ಯಾಟ್ ಇದ್ದರೆ ಅದರ ಕೆಳಗೆ ತೆಳ್ಳಗಿನ ಫೋಮ್ ಹಾಳೆಯೊಂದನ್ನು ಹಾಸಿ. ಎರಡರ ಆರ್-ವ್ಯಾಲ್ಯೂ ಕೂಡಿಕೊಳ್ಳುತ್ತದೆ, ತೂತಾದರೂ ರಾತ್ರಿ ಕಳೆಯುತ್ತದೆ.

ಬಟ್ಟೆಯಲ್ಲಿ ಹತ್ತಿ ಬೇಡ. ಒದ್ದೆಯಾದ ಹತ್ತಿ ಬೇಗ ಒಣಗುವುದಿಲ್ಲ, ಮೈಗೆ ಅಂಟಿಕೊಂಡು ಶಾಖ ಎಳೆಯುತ್ತದೆ. ಉಣ್ಣೆ ಅಥವಾ ಪಾಲಿಯೆಸ್ಟರ್‌ನ ಒಳ ಅಂಗಿ, ಮೇಲೊಂದು ಬೆಚ್ಚಗಿನ ಪದರ, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್. ಮಲಗಲೆಂದೇ ಒಂದು ಜೊತೆ ಒಣ ಬಟ್ಟೆ ಮತ್ತು ಕಾಲುಚೀಲವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ, ಏನೇ ಆದರೂ ಹಗಲಲ್ಲಿ ಅದನ್ನು ಬಿಚ್ಚಬೇಡಿ.

ಉಳಿದದ್ದು: ತಲೆಗೆ ಕಟ್ಟುವ ಟಾರ್ಚ್ ಮತ್ತು ಬಿಡಿ ಸೆಲ್, ಸೀಟಿ, ಬೆಂಕಿಪೊಟ್ಟಣ ಮತ್ತು ಲೈಟರ್ ಎರಡೂ, ಪ್ರಥಮ ಚಿಕಿತ್ಸೆಯ ಡಬ್ಬಿ, ಚಾಕು, ಹತ್ತು ಮೀಟರ್ ಹಗ್ಗ, ಸಣ್ಣ ಸಲಿಕೆ, ಕಸದ ಚೀಲಗಳು. ಸ್ಟೌ ಬಗ್ಗೆ ಒಂದು ಮಾತು. ಗ್ಯಾಸ್ ಡಬ್ಬಿಯಲ್ಲಿ ಬರೀ ಬ್ಯೂಟೇನ್ ಇದ್ದರೆ ಅದು ಶೂನ್ಯ ಡಿಗ್ರಿಯ ಹತ್ತಿರ ಆವಿಯಾಗುವುದೇ ನಿಂತುಹೋಗುತ್ತದೆ, ಮುಂಜಾನೆ ಸ್ಟೌ ಹತ್ತುವುದಿಲ್ಲ. ಐಸೊಬ್ಯೂಟೇನ್ ಮತ್ತು ಪ್ರೊಪೇನ್ ಬೆರೆಸಿದ ಡಬ್ಬಿ ಕೊಳ್ಳಿ.

ತಲುಪಿದ ಮೇಲಿನ ಮೊದಲ ಗಂಟೆ

ಚೀಲ ಇಳಿಸಿದ ಕೂಡಲೇ ಗುಡಾರ ಬಿಚ್ಚಬೇಡಿ. ಸುತ್ತ ಒಂದು ಸಲ ನಡೆದು ಬನ್ನಿ. ಪಾರ್ಕ್‌ನವರು ಗುರುತು ಮಾಡಿದ ಜಾಗವಿದ್ದರೆ ಅಲ್ಲಿಯೇ ಹಾಕಬೇಕು, ಆದರೆ ಆ ಜಾಗಗಳಲ್ಲಿ ಆಯ್ಕೆ ನಿಮ್ಮದು. ಗುರುತಿಲ್ಲದ ಕಡೆ ನೀರಿನಿಂದ ಕನಿಷ್ಠ 60 ಮೀಟರ್, ಅಂದರೆ ದೊಡ್ಡವರ ಎಪ್ಪತ್ತು ಹೆಜ್ಜೆ ಬಿಡಿ. ಪರಿಸರಕ್ಕೆ ಧಕ್ಕೆಯಾಗದಂತೆ ಪ್ರವಾಸ ಮಾಡುವವರು ಎಲ್ಲೆಡೆ ಪಾಲಿಸುವ ಅಳತೆ ಇದು. ಇದರಿಂದ ನಿಮಗೆ ಒಣ ರಾತ್ರಿ, ನೀರು ಕುಡಿಯಲು ಬರುವ ಪ್ರಾಣಿಗಳಿಗೆ ದಾರಿ, ದಡದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೆ ನೆಮ್ಮದಿ.

ಜಾಗ ಸಿಕ್ಕಿತು ಅನ್ನಿಸಿದಾಗ ಮೊದಲು ತಲೆಯೆತ್ತಿ ನೋಡಿ. ಒಣಗಿದ ಕೊಂಬೆ, ವಾಲಿದ ಮರ, ಬುಡ ಕೊಳೆತ ಮರ ಇದ್ದರೆ ಅಲ್ಲಿಂದ ಏಳಿ. ರಾತ್ರಿಯ ಗಾಳಿಗೆ ಮುರಿದು ಬೀಳುವ ಕೊಂಬೆ ಗುಡಾರವನ್ನು ಲೆಕ್ಕಕ್ಕಿಡುವುದಿಲ್ಲ. ಆಮೇಲೆ ಕೆಳಗೆ ನೋಡಿ. ತರಗೆಲೆ, ಪೈನ್ ಸೂಜಿಗಳು ಸಾಲಾಗಿ ಒಂದೆಡೆ ಬಂದು ನಿಂತಿದ್ದರೆ ಅದು ಮಳೆನೀರು ಹರಿದ ಗುರುತು. ಸುತ್ತಲಿಗಿಂತ ತಗ್ಗಾದ, ತುಳಿದು ತುಳಿದು ಗಟ್ಟಿಯಾದ ನೆಲದಲ್ಲಿ ನೀರು ಇಂಗುವುದಿಲ್ಲ, ಕೆರೆಯಾಗುತ್ತದೆ. ಕೊನೆಗೆ ಬೆಟ್ಟದ ಕಡೆ ನೋಡಿ. ಮೇಲಿನಿಂದ ಉರುಳಿ ಬಂದ ಹೊಸ ಕಲ್ಲುಗಳು ಬುಡದಲ್ಲಿ ಬಿದ್ದಿದ್ದರೆ ಇನ್ನೂ ಬರುತ್ತವೆ ಎಂದೇ ಅರ್ಥ.

ಇದೆಲ್ಲ ದಾಟಿದ ಜಾಗದಲ್ಲಿ ಹಾಳೆ ಹಾಸಿ ಅದರ ಮೇಲೆ ನೀವೇ ಮಲಗಿ ನೋಡಿ. ಕಣ್ಣಿಗೆ ಸಮ ಅನ್ನಿಸಿದ ನೆಲದ ಓರೆ ಬೆನ್ನಿಗೆ ತಿಳಿಯುತ್ತದೆ. ಸ್ವಲ್ಪ ಓರೆ ಇದ್ದೇ ತೀರುವುದಾದರೆ ತಲೆ ಮೇಲಿನ ಕಡೆಗಿರಲಿ. ಬಾಗಿಲು ಗಾಳಿಗೆ ಬೆನ್ನು ಮಾಡಿರಲಿ, ಸಾಧ್ಯವಾದರೆ ಮೂಡಣದ ಬಿಸಿಲು ಬೀಳುವ ಕಡೆಗಿರಲಿ. ಆ ಮೊದಲ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಗುಡಾರ ಒಣಗುತ್ತದೆ.

ಗೂಟವನ್ನು ಗುಡಾರದಿಂದ ಹೊರಗೆ ವಾಲುವಂತೆ ಹೊಡೆಯಿರಿ. ನೆಲ ಕಲ್ಲಾಗಿದ್ದರೆ ಹಗ್ಗವನ್ನು ದೊಡ್ಡ ಕಲ್ಲಿಗೆ ಸುತ್ತಿ, ಹೊರಡುವಾಗ ಕಲ್ಲನ್ನು ಇದ್ದಲ್ಲೇ ಇಡಿ. ನೈಲಾನ್ ಬಟ್ಟೆ ತಂಪಿಗೂ ತೇವಕ್ಕೂ ಸಡಿಲವಾಗುತ್ತದೆ. ಸಂಜೆ ಬಿಗಿಯಾಗಿದ್ದದ್ದು ರಾತ್ರಿ ಜೋತುಬಿದ್ದು ಹೊರಪದರ ಒಳಪದರಕ್ಕೆ ತಾಗುತ್ತದೆ, ತಾಗಿದಲ್ಲಿ ಒದ್ದೆ. ಮಲಗುವ ಮುನ್ನ ಹಗ್ಗಗಳನ್ನು ಇನ್ನೊಂದು ಸಲ ಎಳೆದು ಬಿಗಿ ಮಾಡಿ. ಎಷ್ಟೇ ಚಳಿಯಾದರೂ ಮೇಲಿನ ಗಾಳಿಕಿಂಡಿ ಮುಚ್ಚಬೇಡಿ. ಮುಚ್ಚಿದರೆ ನಿಮ್ಮ ಉಸಿರೇ ಹನಿಯಾಗಿ ಮೇಲೆ ಬೀಳುತ್ತದೆ.

ಕುಡಿಯುವ ನೀರು

ಬೆಟ್ಟದ ನೀರು ಸ್ಫಟಿಕದಂತೆ ಕಾಣುತ್ತದೆ, ನೇರ ಕುಡಿಯಲು ಮನಸ್ಸಾಗುತ್ತದೆ. ಕುಡಿಯಬೇಡಿ. ಪ್ರಾಣಿ ಮತ್ತು ಮನುಷ್ಯರ ಮಲದಿಂದ ಬರುವ ಜಿಯಾರ್ಡಿಯಾ ಎಂಬ ಪರೋಪಜೀವಿ ತಣ್ಣೀರಿನಲ್ಲಿ ವಾರಗಟ್ಟಲೆ ಬದುಕಿರುತ್ತದೆ. ಸೂಕ್ಷ್ಮದರ್ಶಕದ ಲೇವನ್‌ಹುಕ್ 1681ರಲ್ಲಿ ತನ್ನದೇ ಭೇದಿಯಲ್ಲಿ ಮೊದಲು ಕಂಡದ್ದು ಇದನ್ನೇ. ಹೊಟ್ಟೆ ಕೆಡುವುದು ಒಂದೆರಡು ವಾರ ಕಳೆದ ಮೇಲೆ, ಅಷ್ಟರಲ್ಲಿ ನೀವು ಮನೆಗೆ ಮರಳಿರುತ್ತೀರಿ. ಹಾಗಾಗಿ ಅನೇಕರಿಗೆ ತಾವು ಕುಡಿದ ಆ ನೀರು ನೆನಪಿಗೇ ಬರುವುದಿಲ್ಲ.

ಕುದಿಸುವುದು ಎಲ್ಲಕ್ಕಿಂತ ಭದ್ರ. ಗುಳ್ಳೆಗಳು ಚೆನ್ನಾಗಿ ಮಗುಚುವಂತೆ 1 ನಿಮಿಷ, 2000 ಮೀಟರ್‌ಗಿಂತ ಮೇಲೆ 3 ನಿಮಿಷ. ಮೇಲೆ ಹೋದಂತೆ ನೀರು ಕಡಿಮೆ ಬಿಸಿಯಲ್ಲೇ ಕುದಿಯುವುದರಿಂದ ಈ ಹೆಚ್ಚುವರಿ ಹೊತ್ತು. 3000 ಮೀಟರ್‌ನಲ್ಲಿ ಕುದಿಯುವ ನೀರು 90 ಡಿಗ್ರಿಯ ಹತ್ತಿರ ಮಾತ್ರ ಇರುತ್ತದೆ, ಕಾಳು ಬೇಯಲು ಕೂಡ ಹೆಚ್ಚು ಹೊತ್ತು ಹಿಡಿಯುತ್ತದೆ. ಫಿಲ್ಟರ್ ಒಯ್ಯುವವರು ಎರಡು ಸಂಗತಿ ತಿಳಿದಿರಬೇಕು. ಸಾಮಾನ್ಯ ಫಿಲ್ಟರ್ ಬ್ಯಾಕ್ಟೀರಿಯಾ ಮತ್ತು ಪರೋಪಜೀವಿಗಳನ್ನು ತಡೆಯುತ್ತದೆ, ವೈರಸ್ ತಡೆಯುವುದಿಲ್ಲ. ಮತ್ತು ಒಳಗೆ ಉಳಿದ ನೀರು ಹೆಪ್ಪುಗಟ್ಟಿದರೆ ಅದರ ಸೂಕ್ಷ್ಮ ನಳಿಕೆಗಳು ಸೀಳುತ್ತವೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಚಳಿಯ ರಾತ್ರಿಯಲ್ಲಿ ಫಿಲ್ಟರನ್ನು ಸ್ಲೀಪಿಂಗ್ ಬ್ಯಾಗಿನೊಳಗೇ ಇಟ್ಟುಕೊಂಡು ಮಲಗಿ.

ನೀರು ಹಸಿರು ಬಣ್ಣ ಚೆಲ್ಲಿದಂತೆ ಕಂಡರೆ, ದಡದಲ್ಲಿ ಹಸಿರು ಕೆನೆ ಕಟ್ಟಿದ್ದರೆ ಅದು ನೀಲಿ-ಹಸಿರು ಪಾಚಿ ಇರಬಹುದು. ಅದರ ವಿಷ ಕುದಿಸಿದರೂ ಹೋಗುವುದಿಲ್ಲ. ಆ ನೀರಿಗೆ ಮಕ್ಕಳನ್ನೂ ನಾಯಿಯನ್ನೂ ಇಳಿಸಬೇಡಿ.

ಒಲೆ, ಬೆಂಕಿ, ಆಹಾರ

ಗುಡಾರದೊಳಗೆ ಸ್ಟೌ ಹಚ್ಚಬಾರದು, ಕೆಂಡದ ಪಾತ್ರೆ ಇಡಬಾರದು. ಇದಕ್ಕೆ ವಿನಾಯಿತಿ ಇಲ್ಲ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಗಾಳಿಕಿಂಡಿ ತೆರೆದಿದೆ ಎಂದು ನಂಬಿ ಕೂರಬೇಡಿ.

ಅಡುಗೆಯ ಜಾಗ ಗುಡಾರದಿಂದ ಸಾಕಷ್ಟು ದೂರವಿರಲಿ, ದೊಡ್ಡ ಪ್ರಾಣಿಗಳಿರುವ ಕಾಡಾದರೆ 60ರಿಂದ 100 ಮೀಟರ್. ಆಹಾರದ ಜೊತೆಗೆ ಟೂತ್‌ಪೇಸ್ಟ್, ಸೋಪು, ಕಸ ಎಲ್ಲವೂ ಭದ್ರ ಪೆಟ್ಟಿಗೆಗೆ ಹೋಗಬೇಕು, ಪ್ರಾಣಿಗೆ ಪರಿಮಳವೇ ಆಹಾರ. ಒಮ್ಮೆ ಮನುಷ್ಯರ ತಿಂಡಿಯ ರುಚಿ ಹತ್ತಿದ ಪ್ರಾಣಿ ಮತ್ತೆ ಮತ್ತೆ ಬರುತ್ತದೆ, ಕೊನೆಗೆ ಅದನ್ನು ಹಿಡಿದು ಸಾಗಿಸುವುದೋ ಕೊಲ್ಲುವುದೋ ಆಗುತ್ತದೆ. ಅದಕ್ಕೆ ಕಾರಣ ಯಾರೋ ಮೇಜಿನ ಮೇಲೆ ಬಿಟ್ಟು ಹೋದ ಪೊಟ್ಟಣ.

ಬೆಂಕಿಗೆ ಅನುಮತಿ ಇದ್ದರೆ ಈಗಾಗಲೇ ಇರುವ ಒಲೆಗುಂಡಿಯಲ್ಲೇ ಹಾಕಿ. ಬಿದ್ದ, ಒಣಗಿದ, ಮಣಿಕಟ್ಟಿಗಿಂತ ದಪ್ಪವಲ್ಲದ ಕಡ್ಡಿಗಳು ಸಾಕು. ಊರಿನಿಂದ ಸೌದೆ ತರಬೇಡಿ, ಅದರೊಳಗಿನ ಹುಳುಗಳು ಹೊಸ ಕಾಡಿಗೆ ಹಬ್ಬುತ್ತವೆ. ಆರಿಸುವಾಗ ನೀರು ಸುರಿದು, ಕೋಲಿನಿಂದ ಬೂದಿ ಕಲಕಿ, ಮತ್ತೆ ನೀರು ಸುರಿಯಿರಿ. ಬೂದಿಯ ಹತ್ತಿರ ಅಂಗೈಯ ಹಿಂಬದಿ ಹಿಡಿದು ನೋಡಿ, ಬಿಸಿ ತಾಗದಿದ್ದರೆ ಮುಟ್ಟಿ ಖಚಿತ ಮಾಡಿಕೊಳ್ಳಿ. ಬರೀ ಮಣ್ಣು ಮುಚ್ಚಿದರೆ ಕೆಂಡ ಒಳಗೊಳಗೇ ಬೇರಿಗೆ ಹತ್ತಿ ದಿನಗಳ ನಂತರ ಬೇರೆಡೆ ಎದ್ದೀತು.

ನೀರಿಗಿಳಿಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಬೆಟ್ಟದ ಸರೋವರ ಬಿಸಿಲಿನಲ್ಲಿ ಮೇಲ್ಪದರ ಮಾತ್ರ ಬೆಚ್ಚಗಿರುತ್ತದೆ. ಬೆಚ್ಚನೆಯ ನೀರು ಹಗುರ, ಅದು ಮೇಲೆ ತೇಲುತ್ತದೆ. ಅತಿ ಭಾರದ ನೀರು 4 ಡಿಗ್ರಿಯದು, ಅದು ತಳದಲ್ಲಿರುತ್ತದೆ. ಕಾಲಿಟ್ಟಾಗ ಹಿತವೆನ್ನಿಸಿದ ನೀರು ಎದೆಮಟ್ಟದಲ್ಲಿ ಹಿಮದಂತಿರಬಹುದು. ಹಿಮ ಕರಗಿ ಬರುವ ತೊರೆ ಸೇರುವ ಕಡೆಯಂತೂ ಮೇಲ್ಪದರವೂ ತಣ್ಣಗೇ.

15 ಡಿಗ್ರಿಗಿಂತ ತಣ್ಣನೆಯ ನೀರಿಗೆ ಏಕಾಏಕಿ ಬಿದ್ದರೆ ದೇಹ ತಾನಾಗಿ ಉಸಿರು ಎಳೆದುಕೊಳ್ಳುತ್ತದೆ. ಆ ಕ್ಷಣ ಬಾಯಿ ನೀರೊಳಗಿದ್ದರೆ ಒಳ್ಳೆಯ ಈಜುಗಾರನೂ ಮುಳುಗುತ್ತಾನೆ. ರಕ್ಷಣಾ ಕೆಲಸದವರು ಒಂದು, ಹತ್ತು, ಒಂದು ಎಂದು ನೆನಪಿಡಲು ಹೇಳುತ್ತಾರೆ. ಉಸಿರು ಹಿಡಿತಕ್ಕೆ ಬರಲು ಸುಮಾರು 1 ನಿಮಿಷ. ಕೈಕಾಲು ಹೇಳಿದಂತೆ ಕೇಳುವುದು ಸುಮಾರು 10 ನಿಮಿಷ. ದೇಹ ತಣ್ಣಗಾಗಿ ಎಚ್ಚರ ತಪ್ಪಲು ಸುಮಾರು 1 ಗಂಟೆ. ಹಿಮದಂಥ ನೀರಿನ ಲೆಕ್ಕ ಇದು, ಅಂದಾಜಿನದು. ಆದರೆ ಇದರಿಂದ ಕಲಿಯಬೇಕಾದದ್ದು ದೊಡ್ಡದು: ಬಿದ್ದ ಕೂಡಲೇ ಈಜಲು ಹೋಗಬೇಡಿ. ಅಂಗಾತ ತೇಲಿ, ಉಸಿರು ತಹಬಂದಿಗೆ ಬರುವ ತನಕ ಕಾಯಿರಿ, ಆಮೇಲೆ ದಡದತ್ತ ಹೊರಡಿ. ಲೈಫ್ ಜಾಕೆಟ್ ಬೇಕಿರುವುದು ಈಜು ಬರದವರಿಗೆ ಮಾತ್ರವಲ್ಲ, ಆ ಮೊದಲ ನಿಮಿಷಕ್ಕೆ ಎಲ್ಲರಿಗೂ ಬೇಕು.

ಈಜಲು ಇಳಿಯುವಾಗ ಹಾರಬೇಡಿ, ನಡೆದು ಇಳಿಯಿರಿ. ಮೊದಲು ಮುಖ, ಕತ್ತು, ಕೈಗೆ ನೀರು ಹಾಕಿಕೊಳ್ಳಿ. ದಡಕ್ಕೆ ಸಮಾನಾಂತರವಾಗಿ, ಕಾಲು ನೆಲ ಮುಟ್ಟುವಷ್ಟು ಆಳದಲ್ಲಿ ಈಜಿ. ಒಬ್ಬರು ದಡದಲ್ಲಿ ಒಣಗಿದ ಬಟ್ಟೆ ಹಿಡಿದು ಕೂತಿರಲಿ, ಅವರ ಕೆಲಸ ನೋಡುತ್ತಿರುವುದಷ್ಟೇ. ಮೈಗೆ ಸನ್‌ಸ್ಕ್ರೀನ್ ಅಥವಾ ಸೊಳ್ಳೆಯ ಮುಲಾಮು ಹಚ್ಚಿದ್ದರೆ ಮೊದಲು ಒರೆಸಿಕೊಳ್ಳಿ. ಪುಟ್ಟ ಸರೋವರದ ನೀರು ಬೇಗ ಬದಲಾಗುವುದಿಲ್ಲ, ಹಾಕಿದ್ದು ಅಲ್ಲೇ ಉಳಿಯುತ್ತದೆ.

ದೋಣಿ ಅಥವಾ ಹುಟ್ಟುಹಲಗೆಯಲ್ಲಿ ಹೋಗುವವರು ಮೊದಲು ಗಾಳಿಗೆ ಎದುರಾಗಿ ಹೊರಡಿ. ಮರಳುವಾಗ ಸುಸ್ತಾಗಿರುತ್ತೀರಿ, ಆಗ ಗಾಳಿಯೇ ದಡಕ್ಕೆ ತಳ್ಳುತ್ತದೆ. ಬೆನ್ನ ಹಿಂದಿನಿಂದ ನೀರಿನ ಕಡೆಗೆ ಬೀಸುವ ಗಾಳಿಯಲ್ಲಿ ದಡದ ನೀರು ಮೋಸದಷ್ಟು ಶಾಂತವಾಗಿ ಕಾಣುತ್ತದೆ, ನಡುವೆ ಹೋದ ಮೇಲೆ ಅಲೆ ಗೊತ್ತಾಗುತ್ತದೆ. ಸರೋವರದ ನಡುವೆ ಅಡ್ಡ ಹಾಯುವುದಕ್ಕಿಂತ ದಡದ ಅಂಚು ಹಿಡಿದು ಸುತ್ತುವುದೇ ಸೊಗಸು. ನೀರಹಕ್ಕಿ, ಜೊಂಡು, ಕಲ್ಲಿನ ಮೇಲೆ ಮೈ ಕಾಯಿಸುವ ಹಲ್ಲಿ, ಕಾಣುವಂಥದ್ದೆಲ್ಲ ಅಂಚಿನಲ್ಲೇ ಇದೆ. ಮಗುಚಿದರೆ ದೋಣಿ ಬಿಡಬೇಡಿ, ಅದನ್ನೇ ಹಿಡಿದುಕೊಳ್ಳಿ.

ನಡಿಗೆ ಮತ್ತು ಗುಡುಗು

ದಾರಿಯ ಹೊತ್ತನ್ನು ಅಳೆಯಲು ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಕೆಲಸಕ್ಕೆ ಬರುತ್ತದೆ: ಪ್ರತಿ 5 ಕಿಲೋಮೀಟರ್‌ಗೆ ಒಂದು ಗಂಟೆ, ಅದಕ್ಕೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಹೋಗಿ ಬರಲು 10 ಕಿಲೋಮೀಟರ್, ಏರು 600 ಮೀಟರ್ ಆದರೆ ಮೂರು ಗಂಟೆ. ಇದು ನಿಲ್ಲದೆ ನಡೆಯುವ ಗಟ್ಟಿಗರ ಲೆಕ್ಕ. ಮಕ್ಕಳಿದ್ದರೆ, ಫೋಟೊ ತೆಗೆಯುವವರಿದ್ದರೆ ಅರ್ಧದಷ್ಟು ಸೇರಿಸಿ. ಹೊರಡುವಾಗಲೇ ವಾಪಸ್ ತಿರುಗುವ ಗಂಟೆಯನ್ನು ಎಲ್ಲರೆದುರು ಹೇಳಿಬಿಡಿ, ಶಿಖರ ಸಿಗಲಿ ಬಿಡಲಿ ಆ ಹೊತ್ತಿಗೆ ತಿರುಗಬೇಕು.

ಮಿಂಚು ಕಂಡ ಮೇಲೆ ಗುಡುಗು ಕೇಳುವ ತನಕ ಎಣಿಸಿ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಹಿಡಿಯುತ್ತದೆ. 30 ಎಣಿಸುವುದರೊಳಗೆ ಕೇಳಿತೆಂದರೆ 10 ಕಿಲೋಮೀಟರ್ ಒಳಗಿದೆ, ಅಪಾಯದ ವಲಯದಲ್ಲಿದ್ದೀರಿ. ನೀರಿನಿಂದ ಮೇಲೆ ಬನ್ನಿ, ದಿಣ್ಣೆಯಿಂದ ಕೆಳಗಿಳಿಯಿರಿ, ಒಂಟಿ ಮರದಿಂದ ದೂರ ಹೋಗಿ. ಗಟ್ಟಿ ಕಟ್ಟಡ ಅಥವಾ ಗಾಜು ಏರಿಸಿದ ಕಾರು ಒಳ್ಳೆಯ ಆಸರೆ, ಗುಡಾರ ಆಸರೆಯೇ ಅಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವ ತನಕ ಹೊರಗೆ ಬರಬೇಡಿ.

ಮಳೆಯಲ್ಲಿ ನೆನೆದ ಜೊತೆಗಾರರನ್ನು ಗಮನಿಸುತ್ತಿರಿ. ಮಾತು ತೊದಲುವುದು, ಜಿಪ್ ಹಾಕಲು ಬೆರಳು ಬಾರದಿರುವುದು, ಎಡವುವುದು, ಕಾರಣವಿಲ್ಲದೆ ಸಿಡುಕುವುದು ದೇಹದ ಶಾಖ ಇಳಿಯುತ್ತಿರುವ ಲಕ್ಷಣ. ಇದಕ್ಕೆ ಹಿಮವೇ ಬೀಳಬೇಕಿಲ್ಲ. ಹತ್ತು ಡಿಗ್ರಿ, ಒದ್ದೆ ಬಟ್ಟೆ, ಗಾಳಿ, ಇಷ್ಟೇ ಸಾಕು. ಒದ್ದೆ ಬಿಚ್ಚಿ ಒಣಗಿದ್ದು ಹಾಕಿಸಿ, ಮ್ಯಾಟಿನ ಮೇಲೆ ಕೂರಿಸಿ, ಎಚ್ಚರವಿದ್ದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ಮದ್ಯ ಕೊಡಬಾರದು. ಸಹಾಯ ಬೇಕಾದರೆ ನಿಮಿಷಕ್ಕೆ ಆರು ಸಲ ಸೀಟಿ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು. ರಾತ್ರಿಯಾದರೆ ಟಾರ್ಚ್‌ನಲ್ಲಿ ಅದೇ ಲೆಕ್ಕ.

ಶೌಚ, ಸ್ನಾನ, ಪಾತ್ರೆ

ಶೌಚಾಲಯ ಇದ್ದರೆ ಅದನ್ನೇ ಬಳಸಿ. ಇಲ್ಲದ ಕಡೆ ನೀರು, ದಾರಿ, ಗುಡಾರಗಳಿಂದ ಎಪ್ಪತ್ತು ಹೆಜ್ಜೆ ದೂರ ಹೋಗಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಿ, ಕೆಲಸ ಮುಗಿದ ಮೇಲೆ ಅದೇ ಮಣ್ಣಿನಿಂದ ಮುಚ್ಚಿ. ಆ ಆಳದ ಮಣ್ಣಿನಲ್ಲಿ ಜೀವಾಣುಗಳು ಹೆಚ್ಚು, ಬೇಗ ಕೊಳೆಯುತ್ತದೆ. ಕಾಗದ, ಪ್ಯಾಡ್, ಒದ್ದೆ ಟಿಶ್ಯೂಗಳನ್ನು ಚೀಲದಲ್ಲಿ ಕಟ್ಟಿ ಒಯ್ಯಿರಿ.

ಪರಿಸರಸ್ನೇಹಿ ಎಂದು ಬರೆದ ಸೋಪು ಕೂಡ ಸರೋವರಕ್ಕೆ ಸೇರಬಾರದು. ಅದು ಒಡೆಯಲು ಮಣ್ಣು ಬೇಕು. ಬಕೆಟ್‌ನಲ್ಲಿ ನೀರು ಒಯ್ದು ದೂರದಲ್ಲಿ ಪಾತ್ರೆ ತೊಳೆಯಿರಿ, ಅಗುಳನ್ನು ಸೋಸಿ ಕಸದ ಚೀಲಕ್ಕೆ ಹಾಕಿ, ನೀರನ್ನು ನೆಲದ ಮೇಲೆ ಅಗಲವಾಗಿ ಎರಚಿ.

ರಾತ್ರಿ

ತಣ್ಣನೆಯ ನೀರಿನ ಮೇಲೆ ತಂಪು ಗಾಳಿ, ಅದರ ಮೇಲೆ ಬೆಚ್ಚನೆಯ ಗಾಳಿ ನಿಂತಾಗ ಶಬ್ದ ಮೇಲೆ ಚದುರಿ ಹೋಗದೆ ಬಾಗಿ ಕೆಳಗೇ ಬರುತ್ತದೆ. ಆಚೆ ದಡದಲ್ಲಿ ಕೂತವರ ಪಿಸುಮಾತು ಈಚೆ ದಡಕ್ಕೆ ಕೇಳುವುದು ಹೀಗೆ. ನಿಮ್ಮ ಸ್ಪೀಕರಿನ ಹಾಡೂ ಹಾಗೆಯೇ ಪಾರ್ಕ್‌ನ ಕೊನೆಯ ಗುಡಾರದ ತನಕ ಹೋಗುತ್ತದೆ. ದಯವಿಟ್ಟು ಬೇಡ. ದೀಪಗಳನ್ನೆಲ್ಲ ಆರಿಸಿ ಇಪ್ಪತ್ತು ನಿಮಿಷ ಸುಮ್ಮನೆ ಕೂರಿ. ಕಣ್ಣು ಕತ್ತಲಿಗೆ ಹೊಂದಿಕೊಂಡ ಮೇಲೆ ನಕ್ಷತ್ರಗಳು ಮೇಲೂ ಇರುತ್ತವೆ, ನೀರಿನಲ್ಲೂ ಇರುತ್ತವೆ.

ಮಲಗುವ ಮುನ್ನ ಏನಾದರೂ ತಿನ್ನಿ, ಮೂತ್ರ ಮಾಡಿ ಬನ್ನಿ, ಒಣ ಬಟ್ಟೆ ಹಾಕಿಕೊಳ್ಳಿ. ಗಟ್ಟಿ ಮುಚ್ಚಳದ ಬಾಟಲಿಗೆ ಬಿಸಿನೀರು ತುಂಬಿ ಕಾಲುಚೀಲದೊಳಗಿಟ್ಟು ತೊಡೆಗಳ ನಡುವೆ ಇಟ್ಟುಕೊಂಡರೆ ಮೈಯೆಲ್ಲ ಬೆಚ್ಚಗಾಗುತ್ತದೆ. ತಲೆಗೆ ಟೋಪಿ ಇರಲಿ, ಆದರೆ ಮೂಗು ಬಾಯಿ ಬ್ಯಾಗಿನ ಹೊರಗಿರಲಿ. ಒಳಗೆ ಉಸಿರಾಡಿದರೆ ಬ್ಯಾಗು ಒದ್ದೆಯಾಗುತ್ತದೆ.

ಹೊರಡುವ ಬೆಳಗು

ಬಿಸಿಲು ಬೀಳುವ ತನಕ ಗುಡಾರ ಮಡಚಬೇಡಿ. ಒಳಪದರವನ್ನು ತಿರುವಿ ಹಾಕಿ, ಹೊರಪದರವನ್ನು ಪೊದೆಗೆ ಹಾಸದೆ ಎರಡು ಮರಗಳ ನಡುವಿನ ಹಗ್ಗಕ್ಕೆ ಹಾಕಿ ಒಣಗಿಸಿ. ಅಷ್ಟರಲ್ಲಿ ಎಲ್ಲರೂ ಸಾಲಾಗಿ ನಿಂತು ಜಾಗವನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಬನ್ನಿ. ಗೂಟ, ಬಾಟಲಿ ಮುಚ್ಚಳ, ಹಣ್ಣಿನ ಸಿಪ್ಪೆ, ಚಾಕೊಲೇಟ್ ಕಾಗದದ ಮೂಲೆ, ಮೀನಿನ ದಾರದ ತುಂಡು ಸಿಗುತ್ತವೆ. ದಾರದ ತುಂಡು ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಒಂದನ್ನೂ ಬಿಡಬೇಡಿ.

ದೋಣಿ, ಹುಟ್ಟು, ಗಾಳ, ಈಜಿದ ಬಟ್ಟೆ, ಚಪ್ಪಲಿಗೆ ಅಂಟಿದ ಜೊಂಡು ಮಣ್ಣನ್ನೆಲ್ಲ ಅಲ್ಲೇ ಕೆರೆದು ತೆಗೆಯಿರಿ, ದೋಣಿಯೊಳಗಿನ ನೀರನ್ನು ಅಲ್ಲೇ ನೆಲಕ್ಕೆ ಚೆಲ್ಲಿ. ಬೇರೆ ನೀರಿಗೆ ಇಳಿಸುವ ಮೊದಲು ಎಲ್ಲವೂ ಪೂರ್ತಿ ಒಣಗಿರಬೇಕು. ಕಣ್ಣಿಗೆ ಕಾಣದ ಮೊಟ್ಟೆ, ಚಿಪ್ಪುಜೀವಿಯ ಮರಿ, ಗಿಡದ ಒಂದು ಚೂರು ಕೂಡ ಇನ್ನೊಂದು ಸರೋವರದಲ್ಲಿ ಬೇರೂರಬಲ್ಲದು. ಮನೆಗೆ ಬಂದ ದಿನವೇ ಗುಡಾರವನ್ನು ಮತ್ತೆ ಬಿಚ್ಚಿ ನೆರಳಿನ ಗಾಳಿಗೆ ಹರಡಿ, ಸ್ಲೀಪಿಂಗ್ ಬ್ಯಾಗನ್ನು ಒತ್ತಿ ತುಂಬಿದ ಚೀಲದಿಂದ ಹೊರತೆಗೆದು ಸಡಿಲವಾಗಿ ತೂಗುಹಾಕಿ.